ಅಮ್ಮ ಚೀಲ ಹಿಡಿದರೆ ಮಗಳು ಆಟಿಕೆ ಬಚ್ಚಿಡುತ್ತಾಳೆ

ಪ್ರಶ್ನೆ: ನನಗೆ ಎಂಟು ವರ್ಷದ ಮಗಳು, ಐದು ವರ್ಷದ ಮಗ. ಮನೆ ತುಂಬ ಆಟಿಕೆ, ಚಿಕ್ಕದಾದ ಬಟ್ಟೆ, ಹಳೇ ನೋಟ್‌ಬುಕ್ಕು. ಬೇಡದ್ದನ್ನು ತೆಗೆಯೋಣ ಅಂದರೆ ಇಬ್ಬರೂ ಅಳುತ್ತಾರೆ. ಕೆಲವು ತಿಂಗಳ ಹಿಂದೆ ಬೇಸತ್ತು, ಅವರು ಶಾಲೆಗೆ ಹೋದಾಗ ಒಂದು ಚೀಲ ಸಾಮಾನು ಎಸೆದುಬಿಟ್ಟೆ. ಅದರಲ್ಲಿ ಮಗಳ ಕೈ ಮುರಿದ ಬೊಂಬೆಯೂ ಇತ್ತು. ಅವತ್ತಿನಿಂದ ನಾನು ಚೀಲ ಹಿಡಿದರೆ ಸಾಕು, ಅವಳು ಸಾಮಾನನ್ನೆಲ್ಲ ಹಾಸಿಗೆ ಕೆಳಗೆ ತುರುಕುತ್ತಾಳೆ. ಈ ಕೆಲಸ ಮಕ್ಕಳಿಗೆ ಖುಷಿ ಕೊಡುವ ಹಾಗೆ ಮಾಡುವುದು ಹೇಗೆ?

ಉತ್ತರ: ಆಟಗಳನ್ನು ಹೇಳುತ್ತೇನೆ. ಆದರೆ ಮೊದಲು ಆ ಬೊಂಬೆಯ ವಿಷಯ ಇತ್ಯರ್ಥವಾಗಬೇಕು. ಅಲ್ಲಿಯವರೆಗೆ ನೀವು ಏನು ಆಟ ಹೂಡಿದರೂ ಮಗಳಿಗೆ ಅದು ಅಮ್ಮನ ಉಪಾಯವಾಗಿಯೇ ಕಾಣುತ್ತದೆ. ಕಣ್ಣು ತಪ್ಪಿದರೆ ಸಾಮಾನು ಮಾಯವಾಗುವ ಮನೆಯಲ್ಲಿ ಬಚ್ಚಿಡುವುದು ಜಾಣತನವೇ ಅಲ್ವಾ?

ಬ್ರಿಟನ್ನಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ 1953ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ, ಪುಟ್ಟ ಮಕ್ಕಳು ಒಂದು ಹೊದಿಕೆಗೋ ಮೆತ್ತನೆ ಬೊಂಬೆಗೋ ಅಂಟಿಕೊಳ್ಳುವುದನ್ನು ವಿವರಿಸಿದ್ದರು. ಅದು ಕೊಳೆಯಾಗಿ ವಾಸನೆ ಬಂದರೂ ಎಷ್ಟೋ ತಾಯಂದಿರು ಒಗೆಯಲು ಹೋಗುವುದಿಲ್ಲ, ಒಗೆದರೆ ಮಗುವಿಗೆ ಅದು ಬೇರೆಯದೇ ವಸ್ತುವಾಗುತ್ತದೆ ಎಂದಿದ್ದರು. ನಿಮ್ಮ ಮಗಳ ಬೊಂಬೆ ಅಂಥದ್ದೇ ಇರಬಹುದು, ಇಲ್ಲದೆಯೂ ಇರಬಹುದು. ಅದನ್ನು ಹೇಳಬೇಕಾದವಳು ಅವಳು. "ನಿನ್ನನ್ನು ಕೇಳದೆ ಎಸೆದೆ, ತಪ್ಪಾಯ್ತು. ಇನ್ನು ಮೇಲೆ ನೀನು ಹೂಂ ಅನ್ನದೆ ನಿನ್ನ ವಸ್ತು ಹೊರಗೆ ಹೋಗಲ್ಲ" ಎಂದು ನೇರವಾಗಿ ಹೇಳಿ. "ಆದರೆ ನೀನೂ ಕೋಣೆ ಚೊಕ್ಕಟ ಇಟ್ಟುಕೊಳ್ಳಬೇಕಿತ್ತು" ಎಂಬ ಬಾಲ ಸೇರಿಸಬೇಡಿ.

ಇನ್ನು ಆಟ. ನಿಮ್ಮ ಕಪಾಟಿನಿಂದ ಶುರು ಮಾಡಿ, ಮಕ್ಕಳದ್ದರಿಂದ ಬೇಡ. ಇಬ್ಬರನ್ನೂ ಮಂಚದ ಮೇಲೆ ನ್ಯಾಯಾಧೀಶರ ಹಾಗೆ ಕೂರಿಸಿ. ನೀವು ಒಂದೊಂದೇ ಬಟ್ಟೆ, ಚೀಲ, ಡಬ್ಬ ಎತ್ತಿ ತೋರಿಸಿ. "ಅಮ್ಮಾ, ಇದನ್ನು ಕೊನೆಗೆ ಯಾವಾಗ ಹಾಕಿಕೊಂಡಿದ್ದೆ?" ಎಂದು ಅವರು ಕೇಳಲಿ, ತೀರ್ಪು ಕೊಡಲಿ. ಒಂದೆರಡು ಕಡೆ ನೀವು ವಾದ ಮಾಡಿ ಉಳಿಸಿಕೊಳ್ಳಬಹುದು, ಉಳಿದ ಕಡೆ ಸೋಲಬೇಕು, ಮತ್ತು ಸೋತದ್ದನ್ನು ನಿಜವಾಗಿಯೂ ಬಿಡಬೇಕು. ದೊಡ್ಡವರಿಗೂ ಬಿಟ್ಟುಕೊಡುವುದು ಕಷ್ಟ ಎಂದು ಮಕ್ಕಳು ಕಣ್ಣಾರೆ ನೋಡುವುದು ಇಲ್ಲೇ. ನಗುವೂ ಇಲ್ಲೇ ಜಾಸ್ತಿ. ಮನೆಯ ಅಪ್ಪನ ಕಪಾಟನ್ನೂ ಸುಮ್ನೆ ಬಿಡಬೇಡಿ.

ಅವರ ಸರದಿ ಬಂದಾಗ "ಏನು ಎಸೆಯೋಣ?" ಎಂದು ಕೇಳಬೇಡಿ. ಒಂದು ಡಬ್ಬ ಕೊಟ್ಟು, "ಇದು ತುಂಬುವಷ್ಟು ನಿನಗೆ ತುಂಬಾ ಇಷ್ಟವಾದದ್ದನ್ನು ಆರಿಸು" ಎನ್ನಿ. ಮುರಿದದ್ದನ್ನು ಆರಿಸಿದರೂ ತುಟಿ ಬಿಚ್ಚಬೇಡಿ. ಆರಿಸದೆ ಉಳಿದದ್ದನ್ನೂ ಆಗಲೇ ಹೊರಗೆ ಹಾಕುವುದು ಬೇಡ. ಇನ್ನೊಂದು ಪೆಟ್ಟಿಗೆಗೆ ತುಂಬಿ ಮೇಲಿಡಿ. ಕೇಳಿದ್ದನ್ನು ತಕ್ಷಣ ಇಳಿಸಿ ಕೊಡಿ. ಎರಡು ತಿಂಗಳಾದರೂ ಯಾರೂ ಕೇಳದ ವಸ್ತುಗಳ ಬಗ್ಗೆ ಆಮೇಲೆ ಮಾತಾಡಿದರೆ, ಅಳು ಬಹಳ ಕಡಿಮೆ.

ಅಮೆರಿಕದ ಟೊಲಿಡೊ ವಿಶ್ವವಿದ್ಯಾಲಯದ ಸಂಶೋಧಕರು 36 ಪುಟ್ಟ ಮಕ್ಕಳ ಮೇಲೆ ನಡೆಸಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮುಂದೆ 16 ಆಟಿಕೆ ಇದ್ದಾಗಿಗಿಂತ ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರಂತೆ. ಆ ಮಕ್ಕಳು ನಿಮ್ಮವರಿಗಿಂತ ತೀರಾ ಚಿಕ್ಕವರು, ಎರಡು ವರ್ಷದ ಆಸುಪಾಸಿನವರು. ಆದರೂ ಅರ್ಧ ಆಟಿಕೆ ಮೇಲಿಟ್ಟು ನೋಡುವುದಕ್ಕೆ ಖರ್ಚೇನೂ ಇಲ್ಲವಲ್ಲ.

ಐದು ವರ್ಷದವನಿಗೆ ಇಡೀ ಕೋಣೆ ಒಪ್ಪಿಸಬೇಡಿ. ಒಂದು ಹಾಡು ಹಾಕಿ, ಅದು ಮುಗಿಯುವುದರೊಳಗೆ ಕೆಂಪು ಬಣ್ಣದ್ದೆಲ್ಲ ಹುಡುಕಲಿ. ಚಿಕ್ಕದಾದ ಅಂಗಿಗಳನ್ನು ಹಾಕಿಸಿ ನಡೆಸಿ. ತೋಳು ಮೊಣಕೈ ಹತ್ತಿರ ನಿಂತಿದ್ದನ್ನು ನೋಡಿ ಅವನೇ ಕೊಡಲು ಒಪ್ಪುತ್ತಾನೆ. ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಿ, ರಾಶಿ ಉಳಿದಿದ್ದರೂ ಸರಿ. ಬಹುಮಾನವಾಗಿ ಹೊಸ ಆಟಿಕೆ ಮಾತ್ರ ತರಬೇಡಿ!

ಒಂದು ಕೆಲಸ ಮಕ್ಕಳಿಗೆ ಬಿಡುವಂಥದ್ದಲ್ಲ. ಮುರಿದ ಆಟಿಕೆಗಳಲ್ಲಿ ನಾಣ್ಯದಂಥ ಪುಟ್ಟ ಬ್ಯಾಟರಿ ಇರುತ್ತದೆ. ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ಅವನ್ನು ನೀವೇ ಮೊದಲು ತೆಗೆದಿಡಿ.

ಮತ್ತೆ, ಕೊಡಲು ಒಪ್ಪಿದ ವಸ್ತುಗಳ ಚೀಲ ಅದೇ ದಿನ ಮನೆ ಬಿಡಲಿ, ಮಗಳೇ ಒಂದು ಕಡೆ ಹಿಡಿದುಕೊಳ್ಳಲಿ. ಬಾಗಿಲ ಬಳಿ ಎರಡು ದಿನ ಇಟ್ಟಿರೋ, ಮಗ ಒಂದೊಂದನ್ನೇ ವಾಪಸ್ ಒಳಗೆ ತರುತ್ತಾನೆ.