ಇಬ್ಬರು ಮಕ್ಕಳು, ದಿನವಿಡೀ ಕೆಲಸ, ಸಂಜೆಯಾದರೆ ಮಿರ್ಚಿ ಆಸೆ. ತೂಕ ಇಳಿಸುವುದು ಹೇಗೆ?

ನಮಸ್ಕಾರ ರೀ. ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಹುಬ್ಬಳ್ಳಿ ವಿದ್ಯಾನಗರದಲ್ಲಿ ಮನೆ, ಇಬ್ಬರು ಸಣ್ಣ ಮಕ್ಕಳು, ಬೆಳಿಗ್ಗೆ ಕೆಲಸಕ್ಕೆ ಹೋದರೆ ಮನೆ ಸೇರುವುದು ಸಂಜೆ ಆರೂವರೆಗೆ. ಎರಡನೇ ಹೆರಿಗೆ ಆದಮೇಲೆ ತೂಕ 78 ಕೆಜಿಗೆ ಬಂದು ನಿಂತಿದೆ. ಹನ್ನೆರಡು ಕೆಜಿ ಇಳಿಸಬೇಕು, ಜಿಮ್‌ಗೆ ಹೊತ್ತಿಲ್ಲ. ದಿನವಿಡೀ ಹೇಗೋ ತಡೆದುಕೊಳ್ಳುತ್ತೀರಿ, ಸಂಜೆ ಗಿರ್ಮಿಟ್ಟು (ಗೊಜ್ಜು ಕಲಸಿದ ಚುರುಮುರಿ), ಮಿರ್ಚಿ ಭಜಿ ಕಂಡರೆ ಮಾತ್ರ ಆಗುವುದಿಲ್ಲ. "ನನ್ನ ಮನಸ್ಸಿನ ಮೇಲೆ ನನಗೇ ಹಿಡಿತ ಇಲ್ಲ ಅನಿಸುತ್ತೆ" ಅಂತ ಬರೆದಿದ್ದೀರಿ. ಆ ಒಂದು ಸಾಲು ಓದಿಯೇ ಉತ್ತರ ಬರೆಯಲು ಕೂತೆ.

ನಾನು ಧಾರವಾಡದವಳು. ನನಗೂ ಇಬ್ಬರು ಮಕ್ಕಳು. ಕೆಲಸ ಹುಬ್ಬಳ್ಳಿಯಲ್ಲಿ, ದಿನಾ ಚಿಗರಿ ಬಸ್ಸಿನಲ್ಲಿ ಓಡಾಟ. ವರ್ಷದ ಮೇಲೆ ಹಿಡಿಯಿತು, ಆದರೆ ಹನ್ನೊಂದು ಕೆಜಿ ಇಳಿಯಿತು, ಮತ್ತೆ ಏರಿಲ್ಲ. ಮಿರ್ಚಿ ಬಿಟ್ಟಿಲ್ಲ. ನಾನು ಡಾಕ್ಟರ್ ಅಲ್ಲ, ಆಹಾರ ತಜ್ಞೆಯೂ ಅಲ್ಲ. ಅವರ ಹತ್ತಿರ ಕೇಳಿ ತಿಳಿದದ್ದು, ಮನೆಯಲ್ಲಿ ಮಾಡಿ ನೋಡಿದ್ದು ಅಷ್ಟನ್ನೇ ಹೇಳುತ್ತೇನೆ.

ನಿಮ್ಮ ಮನಸ್ಸಿಗೆ ಏನೂ ಆಗಿಲ್ಲ ರೀ. ನಿಮಗೆ ಹಸಿವೆ ಆಗಿದೆ, ಅಷ್ಟೇ. ನೀವೇ ಬರೆದದ್ದನ್ನು ಇನ್ನೊಮ್ಮೆ ಓದಿ. ಬೆಳಿಗ್ಗೆ ಚಹಾ, ಎರಡು ಬಿಸ್ಕತ್ತು. ಮಧ್ಯಾಹ್ನ ಒಂದಕ್ಕೆ ಎರಡು ಚಪಾತಿ, ಒಂದಿಷ್ಟು ಬಟಾಟೆ ಪಲ್ಯ. ಆಮೇಲೆ ಚಹಾ ಬಿಟ್ಟರೆ ಸಂಜೆ ಆರೂವರೆ ತನಕ ಹೊಟ್ಟೆಗೆ ಏನೂ ಇಲ್ಲ. ಐದೂವರೆ ತಾಸು ಖಾಲಿ ಹೊಟ್ಟೆ, ಮೈಯೆಲ್ಲ ದಣಿವು, ಮನೆಗೆ ಹೋದರೆ ಅಡುಗೆ, ಮಕ್ಕಳ ಹೋಂವರ್ಕ್ ಕಾಯುತ್ತಿರುತ್ತವೆ. ಅಂಥ ಹೊತ್ತಲ್ಲಿ ಕಾದ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಯಾರು ತಾನೆ ಸುಮ್ಮನೆ ಮುಂದೆ ಹೋಗುತ್ತಾರೆ? ಸಂಜೆಯ ಆಸೆಯನ್ನು ಸಂಜೆ ಹೊತ್ತಿಗೆ ತಡೆಯುವುದು ಬಹಳ ಕಷ್ಟ. ಅದನ್ನು ಮಧ್ಯಾಹ್ನವೇ ತಡೆಯಬೇಕು.

ಹಾಗಾಗಿ ಬೇರೆ ಏನನ್ನೂ ಬದಲಾಯಿಸುವ ಮೊದಲು ನಾಲ್ಕೂವರೆಗೊಂದು ಡಬ್ಬಿ ಇಟ್ಟುಕೊಳ್ಳಿ. ಊಟದ ಡಬ್ಬಿ ಬೇರೆ, ಇದು ಬೇರೆ. ನನ್ನ ಡಬ್ಬಿಯಲ್ಲಿ ಹೆಚ್ಚಾಗಿ ಇರುವುದು ಮೊಳಕೆ ಬರಿಸಿದ ಮಡಕಿ ಕಾಳು. ಸ್ವಲ್ಪ ಬೇಯಿಸಿ, ಹೆಚ್ಚಿದ ಉಳ್ಳಾಗಡ್ಡಿ, ಸವತೆಕಾಯಿ, ಉಪ್ಪು, ಲಿಂಬೆಹಣ್ಣಿನ ರಸ ಹಾಕಿಬಿಟ್ಟರೆ ಆಯಿತು. ಕೆಲವು ದಿನ ಎರಡು ಬೇಯಿಸಿದ ತತ್ತಿ, ತತ್ತಿ ತಿನ್ನದವರು ಒಂದು ಮುಷ್ಟಿ ಪುಠಾಣಿ (ಹುರಿಗಡಲೆ), ಜೊತೆಗೆ ಮಜ್ಜಿಗೆ. ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ. ಪ್ರೋಟೀನ್ ಇದ್ದರೆ ಹೊಟ್ಟೆ ಹೆಚ್ಚು ಹೊತ್ತು ತುಂಬಿದಂತಿರುತ್ತದೆ. ಬಿಸ್ಕತ್ತಿನಿಂದ ಅದು ಆಗುವುದಿಲ್ಲ, ತಿಂದ ತಾಸಿಗೆ ಮತ್ತೆ ಹಸಿವೆ. ಹುರಿದ ಶೇಂಗಾನೂ ಒಳ್ಳೆಯದೇ, ಆದರೆ ಅಳೆದು ತಿನ್ನಿ. 30 ಗ್ರಾಂ ಶೇಂಗಾ ಅಂದರೇ 170 ಕ್ಯಾಲೊರಿ ಹತ್ತಿರ. ಚೀಲ ತೊಡೆ ಮೇಲಿಟ್ಟುಕೊಂಡು ಮಾತಾಡುತ್ತಾ ಕೂತರೆ ಎಷ್ಟು ಹೊಟ್ಟೆಗೆ ಹೋಯಿತು ಗೊತ್ತೇ ಆಗುವುದಿಲ್ಲ.

ಬೆಳಿಗ್ಗೆ ತಿಂಡಿಯನ್ನೂ ಸ್ವಲ್ಪ ಗಟ್ಟಿ ಮಾಡಿಕೊಳ್ಳಿ. ಹೆಸರುಕಾಳಿನ ದೋಸೆ, ಇಲ್ಲವೇ ಹಿಂದಿನ ದಿನದ ರೊಟ್ಟಿ, ಝುಣಕ, ಮೊಸರು. ಮಧ್ಯಾಹ್ನ ಬಟಾಟೆ ಪಲ್ಯದ ಜಾಗಕ್ಕೆ ಕಾಳುಪಲ್ಯ ಅಥವಾ ಸೊಪ್ಪಿನ ಪಲ್ಯ. ನಮ್ಮ ಕಡೆಯ ಊಟದಲ್ಲಿ ಹಸಿ ಮೆಂತ್ಯಸೊಪ್ಪು, ಹಕ್ಕರಕಿ, ಮೂಲಂಗಿ, ಉಳ್ಳಾಗಡ್ಡಿ ತಾಟಿನ ಅಂಚಿಗೆ ಮೊದಲಿನಿಂದ ಇದ್ದದ್ದೇ. ಈಗ ಡಬ್ಬಿ ಊಟದಲ್ಲಿ ಅದೇ ಬಿಟ್ಟುಹೋಗಿದೆ. ಒಂದು ಸಣ್ಣ ಡಬ್ಬಿಯಲ್ಲಿ ಅದನ್ನೂ ಒಯ್ಯಿರಿ.

ಇನ್ನು ಗಿರ್ಮಿಟ್ಟು, ಮಿರ್ಚಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಗಿರ್ಮಿಟ್ಟು ಅಷ್ಟು ಕೆಟ್ಟದ್ದಲ್ಲ. ಚುರುಮುರಿ ಹಗುರ, ಒಂದು ಪ್ಲೇಟಿಗೆ 40 ಗ್ರಾಂ ಹಿಡಿದರೂ 150 ಕ್ಯಾಲೊರಿ ಹತ್ತಿರ. ಭಾರ ಇರುವುದು ಹುಣಸೆಹುಳಿ, ಉಳ್ಳಾಗಡ್ಡಿ ಹಾಕಿ ಕುದಿಸಿದ ಆ ಗೊಜ್ಜಿನ ಎಣ್ಣೆಯಲ್ಲಿ, ಮೇಲೆ ಉದುರಿಸುವ ಸೇವಿನಲ್ಲಿ. ಮನೆಯಲ್ಲಿ ಮಾಡಿದರೆ ಎರಡೂ ನಿಮ್ಮ ಕೈಯಲ್ಲಿರುತ್ತವೆ. ನಾನು ಭಾನುವಾರ ಒಂದು ಬಟ್ಟಲು ಗೊಜ್ಜು ಮಾಡಿ ಫ್ರಿಜ್‌ನಲ್ಲಿಡುತ್ತೇನೆ, ಒಗ್ಗರಣೆಗೆ ಎರಡೇ ಸಣ್ಣ ಚಮಚ ಎಣ್ಣೆ. ಬೇಕಾದಾಗ ಚುರುಮುರಿಗೆ ಗೊಜ್ಜು ಕಲಸಿ, ಪುಠಾಣಿ ಹಿಟ್ಟು ಉದುರಿಸಿ, ಹಸಿ ಉಳ್ಳಾಗಡ್ಡಿ, ಟೊಮ್ಯಾಟೊ, ಕೊತ್ತಂಬರಿ, ಒಂದು ಹಿಡಿ ಮೊಳಕೆ ಕಾಳು ಹಾಕಿದರೆ ಐದು ನಿಮಿಷದ ಕೆಲಸ. ಚುರುಮುರಿ ಮೆತ್ತಗಾಗುವ ಮೊದಲೇ ತಿನ್ನಬೇಕು, ಇಲ್ಲದಿದ್ದರೆ ಆ ರುಚಿ ಇಲ್ಲ. ಮಕ್ಕಳೂ ಇಷ್ಟಪಟ್ಟು ತಿನ್ನುತ್ತಾರೆ.

ಮಿರ್ಚಿ ಹಾಗಲ್ಲ. ಉದ್ದ ಮೆಣಸಿನಕಾಯಿ ಸೀಳಿ, ಒಳಗೆ ಜೀರಿಗೆ, ಅಜವಾನ, ಉಪ್ಪು ಸವರಿ, ಕಡಲೆಹಿಟ್ಟಿನಲ್ಲಿ ಅದ್ದಿ ಬಿಡುತ್ತಾರಲ್ಲ, ಆ ಹಿಟ್ಟಿಗೆ ಸೋಡಾ ಹಾಕಿದಷ್ಟೂ ಉಬ್ಬುತ್ತದೆ, ಉಬ್ಬಿದಷ್ಟೂ ಎಣ್ಣೆ ಕುಡಿಯುತ್ತದೆ. ಎಣ್ಣೆ ಕಾಯದೆ ಬಿಟ್ಟರೆ ಇನ್ನೂ ಜಾಸ್ತಿ. ಕೊಬ್ಬು ಒಂದು ಗ್ರಾಂಗೆ 9 ಕ್ಯಾಲೊರಿ, ಹಿಟ್ಟಿನದು 4. ಲೆಕ್ಕ ಏರುವುದೇ ಅಲ್ಲಿ. ಆದರೂ ನಾನು ಬಿಡಿ ಅನ್ನುವುದಿಲ್ಲ. ಮಳೆಗಾಲದ ಹುಬ್ಬಳ್ಳಿಯಲ್ಲಿ ಮಿರ್ಚಿ ಬಿಟ್ಟು ಬದುಕಿ ಅಂತ ಹೇಳುವ ಮನಸ್ಸೂ ನನಗಿಲ್ಲ. ಪೂರ್ತಿ ಬಿಟ್ಟವರು ಒಂದು ದಿನ ಹಿಡಿ ತಪ್ಪಿ ಆರು ತಿನ್ನುತ್ತಾರೆ, ಆಮೇಲೆ "ಇನ್ನೇನು, ಕೆಟ್ಟೇಹೋಯಿತಲ್ಲ" ಅಂತ ವಾರವಿಡೀ ತಿನ್ನುತ್ತಾರೆ. ಅದರ ಬದಲು ವಾರಕ್ಕೊಂದು ದಿನ ಗೊತ್ತುಮಾಡಿ. ನನ್ನದು ಶನಿವಾರ. ಮನೆಗೆ ಕಟ್ಟಿಸಿಕೊಂಡು ಬರುವುದಿಲ್ಲ. ಗಾಡಿಯ ಹತ್ತಿರವೇ ನಿಂತು, ಬಾಣಲೆಯಿಂದ ಇಳಿದ ಬಿಸಿ ಮಿರ್ಚಿ ಎರಡು ಮಾತ್ರ, ನಿಧಾನವಾಗಿ ತಿನ್ನುತ್ತೇನೆ. ಕಟ್ಟಿಸಿಕೊಂಡು ಬಂದರೆ ಕಾಗದ ಬಿಚ್ಚುವಷ್ಟರಲ್ಲಿ ಅವು ತಣ್ಣಗಾಗಿ ಮೆತ್ತಗಾಗಿರುತ್ತವೆ, ರುಚಿಯೂ ಇಲ್ಲ, ಎಷ್ಟು ತಿಂದೆವು ಅನ್ನುವ ನೆನಪೂ ಇರುವುದಿಲ್ಲ. ಉಳಿದ ದಿನ ಆಸೆಯಾದರೆ "ಬೇಡ" ಅಂತ ಮನಸ್ಸಿಗೆ ಹೇಳಬೇಡಿ, "ಶನಿವಾರ" ಅನ್ನಿ. ನಾಲ್ಕೂವರೆ ಡಬ್ಬಿ ಖಾಲಿಯಾಗಿದ್ದರೆ ಈ ಮಾತನ್ನು ಮನಸ್ಸು ಕೇಳುತ್ತದೆ. ಹೊಟ್ಟೆ ಖಾಲಿ ಇದ್ದರೆ ಕೇಳುವುದಿಲ್ಲ, ಅದು ಖಂಡಿತ.

ಪೇಡೆ ವಿಷಯವೂ ಹೀಗೇ. ಧಾರವಾಡದಲ್ಲಿದ್ದು ಪೇಡೆ ಬೇಡ ಅನ್ನುವುದಕ್ಕೆ ಆಗುತ್ತದಾ? ಖೋವಾ, ಸಕ್ಕರೆ ಕೆಂಪಗೆ ಹುರಿದು, ಮೇಲೆ ಮತ್ತೆ ಸಕ್ಕರೆ ಪುಡಿಯಲ್ಲಿ ಹೊರಳಿಸಿದ್ದು. ಒಂದು ತಿನ್ನಿ, ಊಟವಾದ ಮೇಲೆ ತಿನ್ನಿ. ಮನೆಯಲ್ಲಿ ಡಬ್ಬಿ ಇಟ್ಟುಕೊಳ್ಳಬೇಡಿ. ತಂದ ದಿನವೇ ಮನೆಮಂದಿಗೆ, ಪಕ್ಕದ ಮನೆಯವರಿಗೆ ಹಂಚಿ ಮುಗಿಸಿ.

ತಾಯಂದಿರ ತೂಕ ಏರಿಸುವ ಇನ್ನೊಂದು ಸಂಗತಿ ಇದೆ, ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಕ್ಕಳ ತಾಟಿನಲ್ಲಿ ಉಳಿದದ್ದು. ಅರ್ಧ ಚಪಾತಿ, ನಾಲ್ಕು ತುತ್ತು ತುಪ್ಪದ ಅನ್ನ, ತಿಂದು ಬಿಟ್ಟ ದೋಸೆ ತುದಿ. ಅನ್ನ ಚೆಲ್ಲಬಾರದು ಅಂತ ಬೆಳೆದವರು ನಾವು, ನಿಂತಲ್ಲೇ ಬಾಯಿಗೆ ಹಾಕಿಕೊಂಡುಬಿಡುತ್ತೇವೆ. ದಿನಕ್ಕೆ ಮೂರು ಸಲ ಹೀಗಾದರೆ ಅದೇ ಒಂದು ಸಣ್ಣ ಊಟ. ಇದಕ್ಕೆ ಉಪಾಯ ಒಂದೇ. ಮಕ್ಕಳಿಗೆ ಮೊದಲು ಕಡಿಮೆ ಬಡಿಸಿ, ಬೇಕಾದರೆ ಮತ್ತೆ ಹಾಕಿ. ಆದರೂ ಉಳಿದರೆ ಮುಚ್ಚಿಡಿ, ಇಲ್ಲವೇ ಓಣಿಯ ಆಕಳಿಗೆ ಹಾಕಿ. ನಿಮ್ಮ ಹೊಟ್ಟೆಗೆ ಮಾತ್ರ ಬೇಡ. ನಾನು ರಾತ್ರಿ ಮಕ್ಕಳ ಜೊತೆಗೇ ಏಳೂವರೆಗೆ ಊಟಕ್ಕೆ ಕೂರುತ್ತೇನೆ. ನನ್ನ ತಾಟು ಬೇರೆ ಇದ್ದಾಗ ಅವರ ತಾಟಿಗೆ ಕೈ ಹೋಗುವುದಿಲ್ಲ.

ಎಣ್ಣೆ, ಸಕ್ಕರೆ ಎರಡನ್ನೂ ಒಮ್ಮೆ ಅಳೆದು ನೋಡಿ. ಒಂದು ದೊಡ್ಡ ಚಮಚ ಎಣ್ಣೆಗೆ 120 ಕ್ಯಾಲೊರಿ. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಸಾಕು ಅನ್ನುವುದು ಆಹಾರ ತಜ್ಞರು ಸಾಮಾನ್ಯವಾಗಿ ಹೇಳುವ ಅಳತೆ, ಅಂದರೆ ನಾಲ್ಕು ಜನರ ಮನೆಗೆ ಎರಡು ಲೀಟರ್. ಎಣ್ಣೆಗಾಯಿ ಮಾಡುವ ನಮ್ಮ ಮನೆಗಳಲ್ಲಿ ಎಷ್ಟು ಖರ್ಚಾಗುತ್ತದೆ, ಕಿರಾಣಿ ಚೀಟಿ ತೆಗೆದು ನೋಡಿ. ಚಹಾಕ್ಕೆ ಎರಡು ಚಮಚ ಸಕ್ಕರೆಯಂತೆ ದಿನಕ್ಕೆ ನಾಲ್ಕು ಕಪ್ ಅಂದರೆ ಎಂಟು ಚಮಚ, 35 ರಿಂದ 40 ಗ್ರಾಂ. ಹೊರಗಿನಿಂದ ಸೇರಿಸುವ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಮ್ಮೆಲೇ ಬಿಡಬೇಡಿ. ವಾರಕ್ಕೆ ಅರ್ಧ ಚಮಚ ಇಳಿಸುತ್ತಾ ಬನ್ನಿ, ನಾಲಿಗೆ ಹೊಂದಿಕೊಳ್ಳುತ್ತದೆ.

ಅತ್ತೆಯವರು ಬೇಡ ಅಂದರೂ ಬಡಿಸುತ್ತಾರೆ ಅಂದಿದ್ದೀರಿ. "ಇನ್ನೊಂದ್ ರೊಟ್ಟಿ ಹಾಕ್ಕೊಳ್ಳವಾ, ಎಷ್ಟ್ ಸೊರಗಿ ನೋಡು" ಅನ್ನುವುದು ಪ್ರೀತಿಯ ಮಾತು. ಅದಕ್ಕೆ ಡಯಟ್ ಅಂತ ಉತ್ತರ ಕೊಡಬೇಡಿ, ಅವರಿಗೆ ಬೇಸರವಾಗುತ್ತದೆ. "ಅತ್ತೀ, ಪುಂಡಿಪಲ್ಯ ಚಲೋ ಆಗೇತ್ರಿ, ಇನ್ನೊಂದ್ ಸ್ವಲ್ಪ ಹಾಕ್ರಿ" ಅನ್ನಿ. ಬಡಿಸಿದ ಸಮಾಧಾನ ಅವರಿಗೆ, ಪಲ್ಯ ನಿಮಗೆ. ನಮ್ಮ ಮನೆಯಲ್ಲಿ ಇದು ಚೆನ್ನಾಗಿ ನಡೆದಿದೆ.

ಜೋಳದ ರೊಟ್ಟಿ ತಿಂದರೆ ಇಳಿಯುತ್ತದಾ ಅಂತಲೂ ಕೇಳಿದ್ದೀರಿ. ಜೋಳ, ಗೋಧಿ, ಅಕ್ಕಿ ಮೂರಕ್ಕೂ 100 ಗ್ರಾಂಗೆ ಹೆಚ್ಚೂಕಡಿಮೆ 350 ಕ್ಯಾಲೊರಿಯೇ. ರೊಟ್ಟಿಯ ಗುಣ ಬೇರೆ ಕಡೆ ಇದೆ. ನೀರು ಸವರಿ ಸುಡುತ್ತೇವೆ, ಎಣ್ಣೆ ಬೇಡ. ಅಗಿದು ತಿನ್ನಬೇಕು, ಬೇಗ ತಿನ್ನಲು ಆಗುವುದಿಲ್ಲ. ಪಲ್ಯ ಇಲ್ಲದೆ ಒಳಗಿಳಿಯುವುದಿಲ್ಲ. ಬಿಸಿ ರೊಟ್ಟಿ ಒಂದೋ ಎರಡೋ ಅಂತ ಲೆಕ್ಕ ಸಿಗುತ್ತದೆ, ಖಡಕ್ ರೊಟ್ಟಿಯಲ್ಲಿ ಮುರಿದು ಮುರಿದು ತಿನ್ನುವಾಗ ಲೆಕ್ಕ ತಪ್ಪುತ್ತದೆ. ಶೇಂಗಾ ಹಿಂಡಿ, ಅಗಸಿ ಹಿಂಡಿ (ಚಟ್ನಿಪುಡಿ) ಒಂದೊಂದು ಚಮಚ ಸಾಕು, ಅದಕ್ಕೆ ಎಣ್ಣೆ ಬದಲು ಮೊಸರು ಕಲಸಿಕೊಳ್ಳಿ.

ನಡಿಗೆಗೆ ಬೇರೆ ಹೊತ್ತು ಹುಡುಕಬೇಡಿ, ಸಿಗುವುದಿಲ್ಲ. ಇರುವ ಕೆಲಸಕ್ಕೇ ಅಂಟಿಸಿ. ಬಸ್ಸಿನಲ್ಲಿ ಹೋಗುವ ದಿನ ಒಂದು ನಿಲ್ದಾಣ ಮೊದಲೇ ಇಳಿಯಿರಿ. ದೊಡ್ಡವನನ್ನು ಟ್ಯೂಷನ್‌ಗೆ ಬಿಟ್ಟು ಹೊರಗೆ ಮೊಬೈಲ್ ನೋಡುತ್ತಾ ಕೂರುವ ಆ ಮುಕ್ಕಾಲು ತಾಸು ನಡೆಯಿರಿ. ಭಾನುವಾರ ಮಕ್ಕಳನ್ನೂ ಕರೆದುಕೊಂಡು ತೋಳನಕೆರೆಗೋ ನೃಪತುಂಗ ಬೆಟ್ಟಕ್ಕೋ ಹೋಗಿ. ವಾರಕ್ಕೆ ಒಟ್ಟು 150 ನಿಮಿಷ ಚುರುಕಾದ ನಡಿಗೆ ಆದರೆ ಒಳ್ಳೆಯದು. ವಾರದಲ್ಲಿ ಎರಡು ದಿನ, ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ತಳ್ಳುವುದು, ಇಷ್ಟು ಮಾಡಿ. ಬರೀ ಊಟ ಕಡಿಮೆ ಮಾಡಿ ತೂಕ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ.

ನಿದ್ದೆ ಬಗ್ಗೆ ನೀವು ಏನೂ ಬರೆದಿಲ್ಲ. ಸಣ್ಣ ಮಕ್ಕಳ ಮನೆ ಅಂದಮೇಲೆ ಕಡಿಮೆಯೇ ಇರಬೇಕು. ನಿದ್ದೆ ಕೆಟ್ಟರೆ ಹಸಿವೆ ಹುಟ್ಟಿಸುವ ಗ್ರೆಲಿನ್ ಏರುತ್ತದೆ, ಹೊಟ್ಟೆ ತುಂಬಿತು ಅಂತ ತಿಳಿಸುವ ಲೆಪ್ಟಿನ್ ತಗ್ಗುತ್ತದೆ, ಮರುದಿನ ಸಿಹಿ, ಕರಿದದ್ದು ಜಾಸ್ತಿ ಬೇಕೆನಿಸುತ್ತದೆ. ಮಕ್ಕಳು ಮಲಗಿದ ಮೇಲೆ ಮೊಬೈಲ್ ಹಿಡಿಯುವ ಆ ಒಂದು ತಾಸನ್ನು ನಿದ್ದೆಗೆ ಕೊಟ್ಟು ನೋಡಿ.

ಎಷ್ಟು ದಿನದಲ್ಲಿ ಇಳಿಯಬಹುದು? ಒಂದು ಕೆಜಿ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ. ದಿನಕ್ಕೆ 500 ಕಡಿಮೆ ಮಾಡಿದರೆ ವಾರಕ್ಕೆ ಅರ್ಧ ಕೆಜಿ ಹತ್ತಿರ. ಮೈ ಹಗುರವಾದಂತೆ ಅದಕ್ಕೆ ಬೇಕಾಗುವುದೂ ಕಡಿಮೆಯಾಗುತ್ತದೆ, ಆದ್ದರಿಂದ ಮುಂದೆ ಮುಂದೆ ನಿಧಾನವಾಗುತ್ತದೆ. ಹನ್ನೆರಡು ಕೆಜಿಗೆ ಎಂಟು ತಿಂಗಳು, ವರ್ಷ ಹಿಡಿದರೂ ಅದು ಸರಿಯಾದ ವೇಗವೇ. ದಿನಾ ತೂಕ ನೋಡಿ ಮನಸ್ಸು ಕೆಡಿಸಿಕೊಳ್ಳಬೇಡಿ. ಉಪ್ಪಿನಕಾಯಿ ಜಾಸ್ತಿ ತಿಂದರೂ, ಮುಟ್ಟಿನ ದಿನ ಹತ್ತಿರ ಬಂದರೂ ಮೈ ನೀರು ಹಿಡಿದು ಒಂದು ಕೆಜಿ ಏರುತ್ತದೆ. ವಾರಕ್ಕೊಮ್ಮೆ ಸಾಕು. ಸೊಂಟಕ್ಕೂ ಟೇಪು ಹಿಡಿಯಿರಿ, ನಮ್ಮ ದೇಶದ ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು. ಪಂಚಮಿ ಉಂಡಿ, ಎಳ್ಳಮಾವಾಸ್ಯೆ ಬುತ್ತಿ ಬಂದ ವಾರಗಳಲ್ಲಿ ಇಳಿಯದಿದ್ದರೂ ಚಿಂತೆಯಿಲ್ಲ. ಏರದಿದ್ದರೆ ಆಯಿತು.

ಶುರು ಮಾಡುವ ಮುಂಚೆ ಒಮ್ಮೆ ಡಾಕ್ಟರ್ ಹತ್ತಿರ ಹೋಗಿ ಥೈರಾಯ್ಡ್, ಸಕ್ಕರೆ, ಹಿಮೋಗ್ಲೋಬಿನ್ ನೋಡಿಸಿ. ಹೆರಿಗೆ ಆದಮೇಲೆ ಕೆಲವರಿಗೆ ಥೈರಾಯ್ಡ್ ಏರುಪೇರಾಗುತ್ತದೆ, ಅದು ಕಡಿಮೆ ಕೆಲಸ ಮಾಡಿದರೆ ಎಷ್ಟು ಕಷ್ಟಪಟ್ಟರೂ ತೂಕ ಸುಲಭಕ್ಕೆ ಅಲುಗಾಡುವುದಿಲ್ಲ. ಸಕ್ಕರೆ ಕಾಯಿಲೆಗೆ ಗುಳಿಗೆ ಇದ್ದರೆ ಊಟ ಬದಲಿಸುವ ಮೊದಲು ಅವರಿಗೆ ಹೇಳಲೇಬೇಕು. ಸಣ್ಣ ಮಗುವಿಗೆ ಇನ್ನೂ ಎದೆಹಾಲು ಕುಡಿಸುತ್ತಿದ್ದೀರಾ? ಅದನ್ನು ನೀವು ಬರೆದಿಲ್ಲ. ಹೌದಾದರೆ ದಿನಕ್ಕೆ 500 ಕಡಿಮೆ ಮಾಡುವ ಮೇಲಿನ ಲೆಕ್ಕ ನಿಮಗಲ್ಲ, ಡಬ್ಬಿ, ನಡಿಗೆ ಅಷ್ಟೇ ಮಾಡಿ, ಉಳಿದದ್ದನ್ನು ಡಾಕ್ಟರ್ ಕೇಳಿ ಮಾಡಿ. ಟೆಸ್ಟ್ ಮಾಡಿಸಿದ ಮೇಲೆ ಏನು ಬಂತು ಅಂತ ಇಲ್ಲೇ ಬರೆಯಿರಿ, ನೋಡೋಣ.