ಜುಬಾದಲ್ಲಿ ಆ ಪ್ರಶ್ನೆಯನ್ನು ಯಾರಿಗೂ ಕೇಳಬೇಡ

ತಮ್ಮ, ದಕ್ಷಿಣ ಸುಡಾನಿನ ರಾಜಧಾನಿ ಜುಬಾಕ್ಕೆ ಬಂದು ಎರಡು ವಾರವಾಯಿತು, ಬಾಡಿಗೆ ಹೇಗೆ, ಊಟಕ್ಕೇನು ದಾರಿ, ಮತ್ತೆ ಯುದ್ಧವಾದರೆ ಇಲ್ಲಿನ ಜನ ಯಾರ ಕಡೆ ನಿಲ್ಲುತ್ತಾರೆಂದು ತಿಳಿಯುವುದು ಹೇಗೆ ಎಂದು ಕೇಳಿದ್ದೀಯ. ಬಾಡಿಗೆಯನ್ನು ಡಾಲರಿನಲ್ಲಿ ಹೇಳುತ್ತಾರೆ, ಚೌಕಾಸಿ ಮಾಡು. ಅಕ್ಕಿ, ಕಾಳು ಕೊನ್ಯೊ ಕೊನ್ಯೊ ಮಾರುಕಟ್ಟೆಯಲ್ಲಿ ಸಿಗುತ್ತವೆ. ಮೂರನೆಯ ಪ್ರಶ್ನೆಯನ್ನು ಮಾತ್ರ ಇಲ್ಲಿ ಯಾರಿಗೂ ಕೇಳಬೇಡ, ಏಕೆಂದು ಹೇಳುತ್ತೇನೆ.

ನಾನು 2012ರಲ್ಲಿ ಬಂದಾಗ ದಕ್ಷಿಣ ಸುಡಾನ್ ಸ್ವತಂತ್ರವಾಗಿ ವರ್ಷವಾಗಿತ್ತಷ್ಟೇ. ಕಂಡಲ್ಲೆಲ್ಲ ಅಧ್ಯಕ್ಷ ಸಾಲ್ವಾ ಕೀರ್ ಅವರ ಚಿತ್ರ. ಅದನ್ನು ನೋಡಿಯೇ ಊರೆಲ್ಲ ಒಂದು ಎಂದುಕೊಂಡೆ. 2013ರ ಜುಲೈನಲ್ಲಿ ಉಪಾಧ್ಯಕ್ಷ ರಿಯಕ್ ಮಾಚಾರ್ ಅವರನ್ನು ವಜಾ ಮಾಡಿದಾಗಲೂ ಚಿತ್ರಗಳು ಗೋಡೆಯಿಂದ ಇಳಿಯಲಿಲ್ಲ. ನಮ್ಮ ಗೋದಾಮಿನಲ್ಲಿ ಮೂಟೆ ಹೊರುವ ನ್ಯೂಯೆರ್ ಹುಡುಗನೊಬ್ಬನಿದ್ದ, ಮಾಚಾರ್ ಅವರದೇ ಜನಾಂಗದವನು. ಹಣೆಯ ಮೇಲೆ ಆ ಜನಾಂಗದ ಗಂಡಸರ ಗುರುತಾದ ಆರು ಗೀರು. ನಮ್ಮೂರ ಅರಳಿಕಟ್ಟೆಯಲ್ಲಿ 'ಈ ಸಲ ಯಾರಿಗೆ ಓಟು' ಎನ್ನುವ ಸಲುಗೆಯಲ್ಲಿ, ಎಲ್ಲರೆದುರು, ನೀನು ಯಾರ ಕಡೆ ಎಂದು ಕೇಳಿಬಿಟ್ಟೆ. 'ಅಧ್ಯಕ್ಷರ ಕಡೆ' ಎಂದ, ನೆಲ ನೋಡುತ್ತ. ನಾನು ನಂಬಿದೆ. ಡಿಸೆಂಬರ್‌ನಲ್ಲಿ ತಾಯಿಯನ್ನು ಹಳ್ಳಿಗೆ ಬಿಟ್ಟುಬರುತ್ತೇನೆ ಎಂದು ರಜೆ ಕೇಳಿದ. ಸರಕು ಬರುವುದಿದೆ, ಏನೂ ಆಗುವುದಿಲ್ಲ ಎಂದು ತಡೆದವನು ನಾನೇ.

15ರ ರಾತ್ರಿ ಅಧ್ಯಕ್ಷರ ಕಾವಲು ಪಡೆಯೊಳಗೇ ಗುಂಡಿನ ಕಾಳಗ ಶುರುವಾಯಿತು. ಆಮೇಲೆ ಸೈನಿಕರು ಮನೆ ಮನೆ ಹೊಕ್ಕು ನ್ಯೂಯೆರ್ ಗಂಡಸರನ್ನು ಹುಡುಕಿದರು. ಜುಬಾದ ಗುಡೆಲೆ ಬಡಾವಣೆಯ ಪೊಲೀಸ್ ಕಟ್ಟಡವೊಂದರಲ್ಲಿ ನೂರಾರು ಜನರನ್ನು ಕೂಡಿಹಾಕಿ ಕೊಂದರು. ಯಾರ ಬೆಂಬಲಿಗ ಎಂಬುದು ಅಲ್ಲಿ ಲೆಕ್ಕಕ್ಕೇ ಬರಲಿಲ್ಲ. ಆಡುವ ಭಾಷೆ, ಹಣೆಯ ಗೀರು, ಅಷ್ಟೇ ಸಾಕಾಯಿತು. ವಿಶ್ವಸಂಸ್ಥೆಯ ಟೋಂಗ್‌ಪಿಂಗ್ ನೆಲೆಯಲ್ಲಿ ಸಾವಿರಾರು ಜನ ಆಶ್ರಯ ಪಡೆದಿದ್ದರು. ಅಲ್ಲಿಯೂ ಆ ಹುಡುಗನನ್ನು ಹುಡುಕಿದೆ, ಸಿಗಲಿಲ್ಲ. ಅವನ ಆ ತಿಂಗಳ ಸಂಬಳ ಇಂದಿಗೂ ನನ್ನ ಲೆಕ್ಕದ ಪುಸ್ತಕದಲ್ಲಿ ಬಾಕಿಯಿದೆ.

ಮಾಚಾರ್ ಅವರನ್ನು 2025ರ ಮಾರ್ಚ್‌ನಲ್ಲಿ ಗೃಹಬಂಧನದಲ್ಲಿ ಇಟ್ಟಾಗ ಊರು ಮತ್ತೆ ಹಾಗೆಯೇ ಮೌನವಾಯಿತು. ಆ ಮೌನವನ್ನು ಒಪ್ಪಿಗೆ ಎಂದು ತಿಳಿಯಬೇಡ. ಜನರ ಮಾತು ಬಿಡು, ಅವರ ನಡೆ ನೋಡು: ಮಕ್ಕಳನ್ನು ಉಗಾಂಡಾಕ್ಕೆ ಕಳುಹಿಸುವವರು ಯಾರು, ರಸ್ತೆ ಬದಿಯಲ್ಲಿ ಚಹಾ ಮಾರುವ ಹೆಂಗಸರಲ್ಲಿ ಇಂದು ಬಾರದವರು ಯಾರು, ಇಲ್ಲಿನ ಹಣವಾದ ಪೌಂಡು ಕೈಗೆ ಬಂದ ಕೂಡಲೇ ಡಾಲರ್ ಮಾಡಿಕೊಳ್ಳುವವರು ಯಾರು. ಕೆಳಗೆ ದುಡಿಯುವವನು ರಜೆ ಕೇಳಿದರೆ ಕಾರಣ ಕೇಳದೆ ಕೊಡು, ಸಂಬಳವನ್ನೂ ಅಂದೇ ಚುಕ್ತಾ ಮಾಡು.

ನಿನ್ನ ಹೆಸರನ್ನು ನಮ್ಮ ರಾಯಭಾರ ಕಚೇರಿಯಲ್ಲಿ ಈ ವಾರವೇ ಬರೆಸು. 2016ರ ಜುಲೈನಲ್ಲಿ ಮತ್ತೆ ಕಾಳಗವಾಗಿ, ನಮ್ಮವರನ್ನು ಕರೆದೊಯ್ಯಲು ಭಾರತದಿಂದ ವಿಮಾನ ಬಂದಾಗ ನಾನು ಹತ್ತದೆ ಉಳಿದೆ. ನೀನು ಹಾಗೆ ಮಾಡಬೇಡ.