ಮಂತ್ರ ಗೊತ್ತಿದ್ದವಳು ಗಾಯಕ್ಕೆ ಸಾಯಬಹುದೇ?

ಮಲ್ಪೆಯಿಂದ ಬರೆದ ಓದುಗರೇ, ನಮಸ್ಕಾರ.

ನಿಮ್ಮ ಉದ್ದದ ಪತ್ರ ಸಿಕ್ಕಿತು. ಸಿಟ್ಟು ಚೆನ್ನಾಗಿಯೇ ಬಂದಿದೆ ನಿಮಗೆ! ನಮ್ಮಲ್ಲಿ ಧಾರಾವಾಹಿಯಾಗಿ ಬಂದ ಫ್ಯಾಂಟಸಿ ಕಾದಂಬರಿಯ ಹುಡುಗಿ ಬಿರುಗಾಳಿ ತಡೆದು ಊರಿನ ದೋಣಿಗಳನ್ನೆಲ್ಲ ದಡ ಸೇರಿಸಿದಳು. ಕೊನೆಯ ಕಂತಿನಲ್ಲಿ ಕಾಲಿಗೆ ಮರುವಾಯಿಯ (ಕಡಲ ಚಿಪ್ಪುಜೀವಿ) ಚಿಪ್ಪು ತಾಗಿ, ಗಾಯ ಕೀವಾಗಿ, ಜ್ವರ ಬಂದು ತೀರಿಕೊಂಡಳು. "ಕಡಲನ್ನೇ ನಿಲ್ಲಿಸಿದವಳಿಗೆ ಒಂದು ಗಾಯ ಗುಣ ಮಾಡ್ಲಿಕ್ಕೆ ಆಗ್ಲಿಲ್ವಾ? ಸಾವು ನೋಡ್ಲಿಕ್ಕೆ ಕತೆ ಯಾಕೆ, ಮನೆಯೇ ಸಾಕು" ಅಂತ ಕೇಳಿದ್ದೀರಿ. ದೀಪಾವಳಿ ವಿಶೇಷಾಂಕದಲ್ಲಿ ಅವಳನ್ನು ಬದುಕಿಸಿ ಅಂತಲೂ ಬರೆದಿದ್ದೀರಿ.

ಬದುಕಿಸುವುದಿಲ್ಲ. ಲೇಖಕಿಗೂ ಮನಸ್ಸಿಲ್ಲ, ನನಗೂ ಇಲ್ಲ.

ಮೊದಲ ಕಂತನ್ನು ಇನ್ನೊಮ್ಮೆ ತೆಗೆದು ನೋಡಿ. ಅಜ್ಜಿಗೆ ದಮ್ಮು ಕಟ್ಟಿದಾಗ ಈ ಹುಡುಗಿ ಬಾಗಿಲ ಹತ್ತಿರ ಸುಮ್ನೆ ನಿಂತಿರುತ್ತಾಳೆ. ಹೊರಗಿನ ಗಾಳಿ ಅವಳ ಮಾತು ಕೇಳುತ್ತದೆ, ಅಜ್ಜಿಯ ಎದೆಯೊಳಗಿನ ಗಾಳಿ ಕೇಳುವುದಿಲ್ಲ. ಕತೆಯ ಕಟ್ಟಳೆ ಅಲ್ಲೇ ನಿಶ್ಚಯವಾಯಿತು. ಆಮೇಲೆ ಅದನ್ನು ಸಡಿಲ ಮಾಡಿದರೆ ಬಿರುಗಾಳಿಯ ರಾತ್ರಿಗೂ ಬೆಲೆ ಇರುವುದಿಲ್ಲ. ಅವಳಿಂದ ಎಲ್ಲವೂ ಆಗುವುದಾದರೆ ದೋಣಿಯಲ್ಲಿದ್ದವರ ಬಗ್ಗೆ ನಮಗೆ ಹೆದರಿಕೆ ಯಾಕೆ?

ಸತ್ತವರನ್ನು ಎಬ್ಬಿಸುವ ಮಂತ್ರ ನಮ್ಮ ಪುರಾಣದಲ್ಲಿಲ್ಲವೇ ಅಂತ ನೀವು ಕೇಳಬಹುದು. ಇದೆ. ಅಸುರರ ಗುರು ಶುಕ್ರಾಚಾರ್ಯರ ಸಂಜೀವಿನಿ. ಆದರೆ ಅದನ್ನು ಕಲಿಯಲು ದೇವತೆಗಳ ಕಡೆಯಿಂದ ಬಂದು ಶಿಷ್ಯನಾದ ಕಚನ ಕತೆ ನೆನಪಿಸಿಕೊಳ್ಳಿ. ಅಸುರರು ಅವನನ್ನು ಮತ್ತೆ ಮತ್ತೆ ಕೊಲ್ಲುತ್ತಾರೆ, ಶುಕ್ರರ ಮಗಳು ದೇವಯಾನಿ ಅಳುತ್ತಾಳೆ, ಅಪ್ಪ ಬದುಕಿಸುತ್ತಾನೆ. ಅಲ್ಲಿಯವರೆಗೆ ಸಲೀಸು. ಕೊನೆಗೆ ಅವನನ್ನು ಸುಟ್ಟು, ಬೂದಿಯನ್ನು ಹೆಂಡದಲ್ಲಿ ಕಲಸಿ ಗುರುವಿಗೇ ಕುಡಿಸಿಬಿಡುತ್ತಾರೆ. ಈಗ ಕಚ ಎದ್ದರೆ ಶುಕ್ರರ ಹೊಟ್ಟೆ ಸೀಳಿಕೊಂಡೇ ಬರಬೇಕು. ಅಪ್ಪ ಬೇಕೋ, ಕಚ ಬೇಕೋ? ಮಗಳು ಇಬ್ಬರೂ ಬೇಕು ಅನ್ನುತ್ತಾಳೆ. ಹೊರಗೆ ಬಂದ ಮೇಲೆ ಗುರುವನ್ನು ಬದುಕಿಸಲಿ ಅಂತ ಹೊಟ್ಟೆಯೊಳಗಿರುವ ಶಿಷ್ಯನಿಗೇ ಮಂತ್ರ ಹೇಳಿಕೊಡದೆ ಬೇರೆ ದಾರಿ ಇಲ್ಲ. ಅಸುರರ ಹತ್ತಿರ ಮಾತ್ರ ಇದ್ದ ವಿದ್ಯೆ ಹಾಗೆ ಕೈಬಿಟ್ಟು ಹೋಯಿತು. ಕತೆ ಕಾವೇರುವುದು ಬೆಲೆ ಕೊಡಬೇಕಾಗಿ ಬಂದ ಆ ಮೂರನೇ ಸಾವಿನಲ್ಲಿ. ಮೊದಲ ಎರಡು ಸಾವು ಎಷ್ಟು ಜನರಿಗೆ ನೆನಪಿದೆ ಹೇಳಿ.

ನಮ್ಮ ತುಳುನಾಡಿನ ಶಿಲ್ಪಿ ಕಲ್ಕುಡನ ಪಾಡ್ದನವನ್ನೂ (ಬಾಯಿಂದ ಬಾಯಿಗೆ ಬಂದ ತುಳು ಕಥನಗೀತೆ) ನೋಡಿ. ಕಾರ್ಕಳದ ಗೊಮ್ಮಟನನ್ನು ಕೆತ್ತಿದವನು ಬೀರು ಕಲ್ಕುಡ. ಇಂಥದ್ದು ಬೇರೆಲ್ಲೂ ಆಗಬಾರದು ಅಂತ ಅರಸ ಅವನ ಎಡಗೈ, ಬಲಗಾಲು ಕಡಿಸುತ್ತಾನೆ. ಅವನು ಉಳಿದ ಒಂದೇ ಕೈಯಲ್ಲಿ ವೇಣೂರಿನ ಗೊಮ್ಮಟನನ್ನು ಕೆತ್ತುತ್ತಾನೆ. ಲೆಕ್ಕ ಹಾಕಿದರೆ ಕಾರ್ಕಳದ ಮೂರ್ತಿ 1432ರದ್ದು, ವೇಣೂರಿನದ್ದು 1604ರದ್ದು. ನಡುವೆ 172 ವರ್ಷ! ಪಾಡ್ದನ ಹೇಳುವವರಿಗೆ ಇದೊಂದು ತಕರಾರೇ ಅಲ್ಲ. ಕಾಲವನ್ನು ಅಷ್ಟು ಧಾರಾಳವಾಗಿ ಹಿಗ್ಗಿಸಿದವರು ಕಡಿದ ಕೈಯನ್ನು ಮಾತ್ರ ಮತ್ತೆ ಚಿಗುರಿಸಲಿಲ್ಲ. ಕಲ್ಕುಡ, ಅವನ ತಂಗಿ ಕಲ್ಲುರ್ಟಿ ಇಬ್ಬರೂ ದೈವಗಳಾದರು. ಆದರೂ ಆ ಕೈ ಹೋದದ್ದು ಹೋದದ್ದೇ.

ಇನ್ನು ಮನೆಯ ಸಾವು ಸಾಕು ಅನ್ನುವ ಮಾತು. ಅದನ್ನು ನಾನು ತಳ್ಳಿಹಾಕುವುದಿಲ್ಲ. ಯಾರಿಗೂ ಬಲವಂತದಿಂದ ಓದಿಸುವಂಥದ್ದಲ್ಲ ಇದು. ಆದರೆ 'ಅಭಿಮನ್ಯು ಕಾಳಗ' ಇದ್ದ ದಿನ ನಮ್ಮ ಯಕ್ಷಗಾನ ಬಯಲಾಟಕ್ಕೆ ಜನ ಕಡಿಮೆಯಾಗುತ್ತಾರಾ? ಹುಡುಗ ಚಕ್ರವ್ಯೂಹದಿಂದ ಹೊರಗೆ ಬರುವುದಿಲ್ಲ ಅಂತ ಚುರುಮುರಿ ಮಾರುವವನಿಗೂ ಗೊತ್ತು. ಪುಂಡುವೇಷದವರು, ಅಂದರೆ ಅಭಿಮನ್ಯುವಿನಂಥ ಎಳೆಯ ವೀರರ ಪಾತ್ರ ಮಾಡುವವರು, ಸಾಲುಸಾಲು ಧೀಂಗಿಣ (ಗಿರಗಿರ ಸುತ್ತುವ ಕುಣಿತ) ಹೊಡೆದು ನಿಂತಾಗ ಎದೆ ಏರಿಳಿಯುವುದು ಮುಂದಿನ ಸಾಲಿಗೆ ಕಾಣುತ್ತದೆ. ಅದು ನಟನೆಯೋ ನಿಜವಾದ ಸುಸ್ತೋ ಹೇಳುವುದು ಕಷ್ಟ. ಆ ಹೊತ್ತಿಗೆ ಅಭಿಮನ್ಯು ಅರ್ಜುನನ ಮಗ ಅನ್ನುವುದಕ್ಕಿಂತ ಜಾಸ್ತಿ ಯಾರದೋ ಮನೆಯ ಹುಡುಗನಾಗಿರುತ್ತಾನೆ.

ಒಂದು ವಿಷಯದಲ್ಲಿ ನಾನು ನಿಮ್ಮ ಕಡೆ. ಈಚೆಗೆ ಬರುವ ಹಸ್ತಪ್ರತಿಗಳಲ್ಲಿ ಸುಮ್ಮನೆ ಬೆಚ್ಚಿಬೀಳಿಸಲು ಪಾತ್ರಗಳನ್ನು ಕೊಲ್ಲುವುದು ಜಾಸ್ತಿಯಾಗಿದೆ. ಹೆಸರು ಗೊತ್ತಾಗುವ ಮೊದಲೇ ನಾಲ್ಕು ಹೆಣ ಬಿದ್ದಿರುತ್ತದೆ. ಅಂಥವನ್ನು ನಾವು ವಾಪಸ್ ಕಳಿಸುತ್ತೇವೆ.

ನಿಮಗೆ ಆ ಹುಡುಗಿ ಬದುಕಲೇಬೇಕು ಅನ್ನಿಸಿದರೆ ನೀವೇ ಬರೆಯಿರಿ. ತಮಾಷೆಯಲ್ಲ, ಲೇಖಕಿಯನ್ನೂ ಕೇಳಿದ್ದೇನೆ, ಖುಷಿಯಿಂದ ಒಪ್ಪಿದ್ದಾರೆ. ಷರತ್ತು ಒಂದೇ. ಅವಳನ್ನು ಎಬ್ಬಿಸುವವರು ಏನು ಕಳೆದುಕೊಂಡರು ಅನ್ನುವುದು ಕತೆಯಲ್ಲಿ ಬರಬೇಕು. 2000 ಪದ ಮೀರುವುದು ಬೇಡ, ವಿಶೇಷಾಂಕದಲ್ಲಿ ಜಾಗ ಕಡಿಮೆ.

– ಸಂ.